ಕಟ್ಟಿ, ಒಪ್ಪಿಸಿ, ಮುಂದಕ್ಕೆ ಹೋಗುವ ಸೇವೆ: ಬೀದರ್ ಹಳ್ಳಿಗಳಲ್ಲಿ ನನ್ನ ಅನುಭವ

ಔರಾದ್ ರಸ್ತೆಯಲ್ಲಾಗಲಿ ಭಾಲ್ಕಿ ಬಸ್ ಸ್ಟ್ಯಾಂಡ್ ಹತ್ತಿರವಾಗಲಿ, ಈಗ ಉಜ್ಜೀವನ ಕೂಟಗಳ ಫ್ಲೆಕ್ಸ್‌ನಲ್ಲಿ ಸೇವಕರ ಹೆಸರಿನ ಹಿಂದೆ ‘ಅಪೊಸ್ತಲ’, ಅಂದರೆ ಕಳುಹಿಸಲ್ಪಟ್ಟವನು, ಎಂಬ ಬಿರುದು ಆಗಾಗ ಕಾಣುತ್ತದೆ. ಮೊದಲು ‘ಪಾಸ್ಟರ್’ ಅಂದರೆ ಸಾಕಿತ್ತು. ಸೇವೆಗೆ ಹೊಸದಾಗಿ ಇಳಿದ ಹುಡುಗರು ನನ್ನನ್ನು ಕೇಳುತ್ತಾರೆ: “ಅಣ್ಣಾರ, ಈಗಿನ ಕಾಲಕ್ಕ ಅಪೊಸ್ತಲರು ಅದಾರೇನ್ರಿ? ಇದ್ರ ಅವರ ಕೆಲಸ ಏನ್ರಿ?” ಪ್ರಶ್ನೆ ಸರಿಯಾದದ್ದೇ. ನಾನು ಬೀದರ್ ನಗರದ ಒಂದು ಸ್ವತಂತ್ರ ಕ್ರೈಸ್ತ ಸಭೆಯಿಂದ ಹಳ್ಳಿಗಳಿಗೆ ಹೋಗಿ ಸಭೆ ಕಟ್ಟುವ ಕೆಲಸದಲ್ಲಿದ್ದೇನೆ. ನನಗೆ ಗೊತ್ತಿರುವ ಉತ್ತರ ಆ ಕೆಲಸದಿಂದಲೇ ಬಂದದ್ದು.

ನನ್ನ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಯೇಸು ತಾನೇ ಆರಿಸಿದ ಹನ್ನೆರಡು ಮಂದಿ ಅಪೊಸ್ತಲರ ಸ್ಥಾನ ಮತ್ತೆ ಯಾರಿಗೂ ಸಿಗುವುದಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸುವಾಗ ಪೇತ್ರನು ಇಟ್ಟ ಷರತ್ತು ನೋಡಿ: ಯೋಹಾನನ ದೀಕ್ಷಾಸ್ನಾನದ ದಿನಗಳಿಂದ ಯೇಸುವಿನ ಜೊತೆಯಲ್ಲಿದ್ದು, ಆತನ ಪುನರುತ್ಥಾನಕ್ಕೆ ಸಾಕ್ಷಿಯಾಗಿರಬೇಕು. ಇವತ್ತು ಆ ಮಾತು ಹೇಳಬಲ್ಲವರು ಯಾರೂ ಇಲ್ಲ. ಆದರೆ ಬಾರ್ನಬನು ಹನ್ನೆರಡರಲ್ಲಿ ಒಬ್ಬನಲ್ಲ, ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯದಲ್ಲಿ ಅವನನ್ನೂ ಅಪೊಸ್ತಲ ಎಂದೇ ಕರೆದಿದೆ. ಹಾಗಾದರೆ ಆ ಸ್ಥಾನ ಮುಗಿದರೂ ಕೆಲಸ ಮುಗಿದಿಲ್ಲ. ಕಥೋಲಿಕರು ಆ ಹೊಣೆ ಬಿಷಪರ ಪರಂಪರೆಯಲ್ಲಿ ಬಂದಿದೆ ಎನ್ನುತ್ತಾರೆ. 2005ರಲ್ಲಿ ಕಲಬುರಗಿಗೆ ಪ್ರತ್ಯೇಕ ಧರ್ಮಪ್ರಾಂತ ಆದಾಗ ಅಲ್ಲಿಗೆ ಬಂದ ಬಿಷಪರೂ ಅವರ ನಂಬಿಕೆಯ ಪ್ರಕಾರ ಅದೇ ಸಾಲಿನವರು. ಸ್ವತಂತ್ರ ಸಭೆಗಳ ಕಡೆಯ ಮಾತು ಬೇರೆ. 1990ರ ದಶಕದಲ್ಲಿ ಅಮೆರಿಕದ ಪೀಟರ್ ವ್ಯಾಗ್ನರ್, ಒಬ್ಬೊಬ್ಬ ಅಪೊಸ್ತಲನ ನಾಯಕತ್ವದಲ್ಲಿ ಬೆಳೆಯುತ್ತಿದ್ದ ಸಭೆಗಳ ಗುಂಪಿಗೆ ‘ನ್ಯೂ ಅಪೊಸ್ಟಾಲಿಕ್ ರಿಫಾರ್ಮೇಶನ್’ ಎಂದು ಹೆಸರಿಟ್ಟರು. ಅದೇ ಗಾಳಿ ಹೈದರಾಬಾದಿನ ದೊಡ್ಡ ಕೂಟಗಳ ಮೂಲಕ ನಮ್ಮ ಕಡೆಗೂ ಬೀಸಿತು. ಎಲ್ಲರೂ ಎತ್ತಿ ಹೇಳುವ ವಾಕ್ಯ ಎಫೆಸ 4:11: ಕ್ರಿಸ್ತನು ಸಭೆಗೆ ಅಪೊಸ್ತಲರು, ಪ್ರವಾದಿಗಳು, ಸುವಾರ್ತಿಕರು, ಸಭಾಪಾಲಕರು, ಉಪದೇಶಕರು ಎಂಬ ವರಗಳನ್ನು ಕೊಟ್ಟನು. ಅದರ ಮುಂದಿನ ವಚನವನ್ನು ಓದುವವರು ಕಡಿಮೆ. ದೇವಜನರನ್ನು ಸೇವೆಗೆ ಸಿದ್ಧಮಾಡುವುದಕ್ಕಾಗಿ ಈ ವರಗಳನ್ನು ಕೊಟ್ಟಿದೆ ಎಂದು ಅಲ್ಲಿ ಸ್ಪಷ್ಟವಾಗಿದೆ.

ನನಗೆ ದಾರಿ ತೋರಿಸಿದ್ದು ಅಪೊಸ್ತಲರ ಕೃತ್ಯಗಳ 13 ಮತ್ತು 14ನೇ ಅಧ್ಯಾಯ. ಸಿರಿಯದ ಅಂತಿಯೋಕ್ಯದ ಸಭೆ ಉಪವಾಸವಿದ್ದು, ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಬಾರ್ನಬನನ್ನೂ ಮುಂದೆ ಪೌಲ ಎನ್ನಿಸಿಕೊಂಡ ಸೌಲನನ್ನೂ ಕಳುಹಿಸಿತು. ಅವರಾಗಿಯೇ ಹೊರಟವರಲ್ಲ. ಲುಸ್ತ್ರ, ಇಕೋನ್ಯಗಳಲ್ಲಿ ಸಭೆ ಹುಟ್ಟಿತು, ಕಲ್ಲೇಟೂ ಬಿತ್ತು. ಅದೇ ಊರುಗಳಿಗೆ ತಿರುಗಿ ಹೋಗಿ ಪ್ರತಿ ಸಭೆಯಲ್ಲಿ ಹಿರಿಯರನ್ನು ನೇಮಿಸಿ, ಅವರನ್ನು ಕರ್ತನಿಗೆ ಒಪ್ಪಿಸಿ, ಮುಂದಕ್ಕೆ ಹೋದರು. ಕೊನೆಗೆ ಅಂತಿಯೋಕ್ಯಕ್ಕೆ ಮರಳಿ ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ವರದಿ ಮಾಡಿದರು. ಈ ವರದಿಯ ಭಾಗವೇ ನನ್ನನ್ನು ಹೆಚ್ಚು ಹಿಡಿದದ್ದು. ಪೌಲನಂಥ ಪೌಲನೂ ಒಂದು ಸಭೆಗೆ ಲೆಕ್ಕ ಒಪ್ಪಿಸಿದ.

ಔರಾದ್ ತಾಲೂಕಿನ ಒಂದು ಹಳ್ಳಿಯ ಕೆಲಸ ಹೇಳುತ್ತೇನೆ. ಅಲ್ಲಿಯ ಕೆಲವು ಮನೆಯವರು ಹೈದರಾಬಾದಿಗೆ ದುಡಿಯಲು ಹೋದಾಗ ಸುವಾರ್ತೆ ಕೇಳಿ ಬಂದಿದ್ದರು. ಊರಲ್ಲಿ ಪ್ರಾರ್ಥನೆ ಮಾಡಿಸಿ ಎಂದು ಅವರೇ ನಮ್ಮ ಸಭೆಗೆ ಹೇಳಿಕಳಿಸಿದರು. ನಮ್ಮ ಸಭೆ ಪ್ರಾರ್ಥಿಸಿ ನನ್ನನ್ನು ಕಳುಹಿಸಿತು. ಮೊದಲ ಸಂಜೆಯೇ, ಪಡಸಾಲೆ ಬಿಟ್ಟುಕೊಟ್ಟ ಮನೆಯ ಯಜಮಾನನಿಗೆ ಹೇಳಿದೆ: “ನಾ ಇಲ್ಲಿ ಖಾಯಂ ಇರಾಂವ ಅಲ್ರಿ. ನಿಮ್ಮೊಳಗಿನವರೇ ಈ ಸಭಾ ನಡಸಬೇಕು.” ಅವರಿಗೆ ಅದು ಬೇಸರ ತಂದಿತು. ಆದರೂ ಮೊದಲ ದಿನವೇ ಆಡಬೇಕಾದ ಮಾತು ಅದು. ತಡವಾದರೆ ಜನ ಸೇವಕನ ಮೇಲೆ ಒರಗಿಕೊಂಡುಬಿಡುತ್ತಾರೆ.

ಮೈಕ್ ತರಲಿಲ್ಲ, ಕಟ್ಟಡದ ಮಾತೆತ್ತಲಿಲ್ಲ, ಹೊರಗಿನಿಂದ ದುಡ್ಡು ತಂದು ಹಂಚಲಿಲ್ಲ. ಹೊಲದ ಕೆಲಸ ಮುಗಿಸಿ ಉಂಡು ಬರುವ ಹೊತ್ತಿಗೆ ರಾತ್ರಿ ಕೂಟ. ಓದು ಬರುವವರು ಕೆಲವರೇ. ಅದಕ್ಕೆ ಮಾರ್ಕನ ಸುವಾರ್ತೆಯನ್ನು ಒಂದೊಂದು ಘಟನೆಯಾಗಿ ಬಾಯಿಂದ ಹೇಳುತ್ತಿದ್ದೆ. ಮುಂದಿನ ಕೂಟದಲ್ಲಿ ಅವರಲ್ಲೊಬ್ಬರು ಅದನ್ನೇ ತಮ್ಮ ಮಾತಿನಲ್ಲಿ ಹೇಳಬೇಕು, ಉಳಿದವರು ತಪ್ಪಿದ್ದಲ್ಲಿ ತಿದ್ದಬೇಕು. ನಮ್ಮ ಗಡಿ ಊರುಗಳಲ್ಲಿ ಹಾಡು ತೆಲುಗಿನದು, ಬೈಗುಳ ಮರಾಠಿಯದು, ವ್ಯವಹಾರ ಉರ್ದು ಬೆರೆತದ್ದು, ಪ್ರಾರ್ಥನೆ ಕನ್ನಡದ್ದು. ಯಾವುದನ್ನೂ ಬಿಡಿಸಲು ಹೋಗಲಿಲ್ಲ. ಹಾಗೆ ಹೇಳುತ್ತ ಹೇಳುತ್ತ, ಯಾರ ಬಾಯಲ್ಲಿ ವಾಕ್ಯ ನಿಲ್ಲುತ್ತದೆ, ಯಾರು ಇನ್ನೊಬ್ಬರಿಗೆ ತಾಳ್ಮೆಯಿಂದ ಕಲಿಸುತ್ತಾರೆ ಎಂಬುದು ತಾನಾಗಿ ಕಾಣತೊಡಗಿತು.

ಹಣದ ವಿಷಯದಲ್ಲಿ ನಾನು ಬಿಗಿ. ಕಾಣಿಕೆಯನ್ನು ನಾನು ಕೈಯಿಂದ ಮುಟ್ಟಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಚಾಪೆಯ ಮೇಲೆ ಎಲ್ಲರೆದುರು ಎಣಿಕೆ. ಮಕ್ಕಳ ಶಾಲೆಯ ನೋಟುಪುಸ್ತಕದಲ್ಲಿ ತಾರೀಖು, ಮೊತ್ತ, ಖರ್ಚು. ಕೆಳಗೆ ಇಬ್ಬರ ಸಹಿ. ಅವರಲ್ಲೊಬ್ಬಾಕೆ ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದಳು. ಮಗಳ ಹತ್ತಿರ ಕುಳಿತು ಹೆಸರು ಬರೆಯಲು ಕಲಿತಳು. ಈಗ ಆ ಪುಸ್ತಕದ ಪುಟಗಳಲ್ಲಿ ಆಕೆಯ ಸಹಿ ಬರಬರುತ್ತ ಗಟ್ಟಿಯಾದದ್ದು ಕಾಣುತ್ತದೆ. ದುಡ್ಡಿಲ್ಲದ ಮನೆಗಳು ರೊಟ್ಟಿಗೆ ಹಿಟ್ಟು ತೆಗೆಯುವಾಗ ಒಂದು ಮುಷ್ಟಿ ಜೋಳ ಪಕ್ಕದ ಡಬ್ಬಿಗೆ ಹಾಕುತ್ತವೆ, ತೊಗರಿ ರಾಶಿಯಾದಾಗ ಒಂದಿಷ್ಟು ತೊಗರಿ ಬರುತ್ತದೆ. ಇಷ್ಟರಿಂದಲೇ ಸಭೆ ನಡೆಯುತ್ತದೆ, ಹೆಣ ಎತ್ತಬೇಕಾದ ಮನೆಗೆ ಸಹಾಯವೂ ಆಗುತ್ತದೆ. ಪೌಲನು ಮಿಲೇತದಲ್ಲಿ ಎಫೆಸದ ಹಿರಿಯರನ್ನು ಕರೆಸಿ ಹೇಳಿದ ಮಾತು ನೆನೆಯಿರಿ: ನಾನು ಯಾರ ಬೆಳ್ಳಿ ಬಂಗಾರವನ್ನೂ ಆಶಿಸಲಿಲ್ಲ, ಈ ಕೈಗಳೇ ದುಡಿದವು. ಗುಡಾರ ಹೊಲಿದು ತಿಂದವನು ಆಡಿದ ಮಾತದು.

ಹಿರಿಯರನ್ನು ಆರಿಸುವುದೇ ಇಡೀ ಕೆಲಸದ ಜೀವ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಚೆನ್ನಾಗಿ ಹಾಡುವವನು, ದೊಡ್ಡ ಸ್ವರದಲ್ಲಿ ಪ್ರಾರ್ಥಿಸುವವನು ಎಂದು ಆರಿಸಿದರೆ ಸಭೆ ಒಡೆಯುತ್ತದೆ. 1 ತಿಮೊಥೆಯ 3ರಲ್ಲಿ ಪೌಲನು ಕೊಟ್ಟ ಗುಣಗಳಲ್ಲಿ ಹಾಡಿನ ಮಾತಿಲ್ಲ. ಕುಡಿಯುವವನಾಗಿರಬಾರದು, ಹೊಡೆದಾಡುವವನಾಗಿರಬಾರದು, ಹಣದಾಸೆ ಇರಬಾರದು, ಮನೆ ಚೆನ್ನಾಗಿ ನಡೆಸಬೇಕು. ಕೊನೆಗೆ, ಹೊರಗಿನವರಿಂದಲೂ ಒಳ್ಳೆಯವನು ಎನ್ನಿಸಿಕೊಂಡಿರಬೇಕು. ಈ ಕೊನೆಯದನ್ನು ನಾನು ಅಕ್ಷರಶಃ ಪಾಲಿಸಿದೆ. ಊರಿನ ಕಿರಾಣಿ ಅಂಗಡಿಗೆ ಹೋಗಿ ಕೂತೆ. ಅಂಗಡಿಯವರು ಲಿಂಗಾಯತರು, ನಮ್ಮ ಸಭೆಗೂ ಅವರಿಗೂ ಏನೂ ಸಂಬಂಧವಿಲ್ಲ. ನಾವು ಆರಿಸಬೇಕೆಂದಿದ್ದ ಮನುಷ್ಯನ ಬಗ್ಗೆ ಕೇಳಿದೆ. ಅವರು ಉದ್ರಿ ಪುಸ್ತಕ ತೆಗೆದರು, ಬೆರಳಿಟ್ಟು ಸಾಲು ನೋಡಿದರು. “ಉದ್ರಿ ಒಯ್ತಾನ್ರಿ, ಯಾರು ಒಯ್ಯಾಂಗಿಲ್ಲ? ರಾಶಿ ಆದ ದಿನಾ ಬಂದು ತೀರಸ್ತಾನ. ನಾ ಕೇಳೂ ಪ್ರಸಂಗ ಬಂದಿಲ್ಲ.” ಆ ಸಾಕ್ಷಿ ನನಗೆ ಸಾಕಾಯಿತು. ಅದನ್ನೇ ಭಾನುವಾರ ಸಭೆಯ ಮುಂದೆ ಇಟ್ಟೆ, ಸಭೆ ಒಪ್ಪಿತು, ಎಲ್ಲರೂ ಉಪವಾಸವಿದ್ದು ಕೈಯಿಟ್ಟು ಪ್ರಾರ್ಥಿಸಿದೆವು. ಒಬ್ಬನನ್ನೇ ಎಂದೂ ನೇಮಿಸುವುದಿಲ್ಲ. ಅಪೊಸ್ತಲರ ಕೃತ್ಯಗಳು 14ರಲ್ಲೂ ಸಭೆಗೆ ನೇಮಿಸಿದ್ದು ‘ಹಿರಿಯರನ್ನು’, ಬಹುವಚನದಲ್ಲೇ.

ಹೆಂಗಸರ ಬಗ್ಗೆ ಕೇಳುವವರಿಗೆ ನನ್ನ ಮಾತು ಚಿಕ್ಕದು. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಪೌಲನು ಯೂನ್ಯಳನ್ನು ಅಪೊಸ್ತಲರ ನಡುವೆ ಹೆಸರುಳ್ಳವಳೆಂದು ವಂದಿಸಿದ್ದಾನೆ ಎಂದೇ ನಾನು ಓದುತ್ತೇನೆ. ನಮ್ಮ ಹಳ್ಳಿ ಸಭೆಗಳಲ್ಲಿ ಮನೆಮನೆಗೆ ಹೋಗಿ ಬಾಣಂತಿಗೆ, ರೋಗಿಗೆ, ಗಂಡನಿಂದ ಹೊಡೆತ ತಿಂದವಳಿಗೆ ಆಸರೆಯಾಗುವವರು ಹೆಂಗಸರೇ. ಅವರಿಲ್ಲದೆ ಹಿರಿಯರ ಕೂಟ ಮಾಡುವುದಿಲ್ಲ.

ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ, ಪ್ರಶ್ನೆ ಕಷ್ಟದ್ದು. ಬೀದರ್ ಜಿಲ್ಲೆಯ ಬಹಳಷ್ಟು ಕ್ರೈಸ್ತ ಮನೆಗಳ ಹಾಗೆ ನನ್ನ ತಂದೆಯ ಮನೆಯೂ ಮೆಥೋಡಿಸ್ಟ್. ಅಭಿಷಿಕ್ತ ಪಾಸ್ಟರ್ ಬಂದರೆ ಮಾತ್ರ ರೊಟ್ಟಿ, ದ್ರಾಕ್ಷಾರಸ ಎಂಬ ಕ್ರಮದಲ್ಲಿ ಬೆಳೆದವನು ನಾನು, ಆ ಗೌರವ ಈಗಲೂ ಇದೆ. ಆದರೆ ದೂರದ ಹಳ್ಳಿಗೆ ತಿಂಗಳುಗಟ್ಟಲೆ ಯಾರೂ ಬಾರದಿದ್ದರೆ? ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿಯ ಜನರಿಗೆ ಸಂಸ್ಕಾರ ಕೊಡುವವರು ಸಾಲದಾದರು. 1784ರಲ್ಲಿ ವೆಸ್ಲಿ ತಾನು ಬಿಷಪ್ ಅಲ್ಲದಿದ್ದರೂ ಸೇವಕರಿಗೆ ಕೈಯಿಟ್ಟು ಅಲ್ಲಿಗೆ ಕಳುಹಿಸಿದ. ಅದಕ್ಕೆ ಸ್ವಂತ ತಮ್ಮ ಚಾರ್ಲ್ಸನಿಂದಲೇ ವಿರೋಧ ಬಂತು. ಜನ ಹಸಿದಿರುವಾಗ ಕ್ರಮ ಅವರಿಗಾಗಿ ಬಾಗಬೇಕು ಎಂಬುದು ನನ್ನ ತೀರ್ಮಾನ. ನಮ್ಮ ಸಭೆಯ ಒಪ್ಪಿಗೆ ಪಡೆದು, ನೇಮಕವಾದ ಹಿರಿಯರೇ ಭೋಜನ ಕೊಡುವಂತೆ ಮಾಡಿದೆವು. ಹೇಗೆ ಕೊಡಬೇಕು, ಜಗಳ ಇದ್ದವರನ್ನು ಮೊದಲು ಹೇಗೆ ಕೂಡಿಸಬೇಕು ಎಂಬುದನ್ನು ಪಕ್ಕದಲ್ಲಿ ನಿಂತು ಕಲಿಸಿದೆ.

ಆಮೇಲೆ ನಾನು ಅಲ್ಲಿಂದ ಸರಿದೆ. ಭಾನುವಾರ ಹೋಗುವುದನ್ನು ನಿಲ್ಲಿಸಿದೆ. ಫೋನ್ ಬರುತ್ತದೆ: “ಅಣ್ಣಾರ, ಮದಿವಿ ವಿಷಯ ಹಿಂಗಾಗ್ಯಾದ, ಏನ್ ಮಾಡಮ್ರಿ?” ನಾನು ಮೊದಲು ಕೇಳುವುದು ಒಂದೇ: “ಹಿರಿಯರು ಕೂಡಿ ಕೂತೀರೇನು? ಏನ್ ಅನಿಸ್ಯಾದ?” ಎಷ್ಟೋ ಸಲ ಅವರ ತೀರ್ಮಾನ ನನ್ನದಕ್ಕಿಂತ ಚೆನ್ನಾಗಿರುತ್ತದೆ, ಊರಿನ ಒಳಮರ್ಮ ಅವರಿಗೆ ಗೊತ್ತು. ಇದರಲ್ಲಿ ನನಗೆ ಮಾದರಿ ವಿ. ಎಸ್. ಅಜರಯ್ಯ. 1912ರಲ್ಲಿ ಈಗಿನ ತೆಲಂಗಾಣದ ದೋರ್ನಕಲ್‌ಗೆ ಬಿಷಪ್ ಆಗಿ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಎನ್ನಿಸಿಕೊಂಡವರು. ದೋರ್ನಕಲ್ ಆಗ ನಮ್ಮ ಬೀದರ್ ಇದ್ದ ಅದೇ ನಿಜಾಮರ ಸೀಮೆಯಲ್ಲಿತ್ತು. ಹಳ್ಳಿಯ ಬಡ ಜನರನ್ನೇ ಕಲಿಸಿ ಹಳ್ಳಿಗಳಿಗೆ ಕಳುಹಿಸಿದರು. ದೀಕ್ಷಾಸ್ನಾನ ಹೊಂದಿದ ಪ್ರತಿಯೊಬ್ಬನೂ ಸಾಕ್ಷಿ ಹೇಳುವವನು ಎಂದು ನಂಬಿ ನಡೆಸಿದರು.

ಸಭೆ ತನ್ನ ಕಾಲ ಮೇಲೆ ನಿಂತಿದೆ ಎಂದು ನನಗೆ ಖಾತ್ರಿಯಾದದ್ದು ನಾನಿಲ್ಲದ ಒಂದು ದಿನ. ಹೊರಗಿನಿಂದ ಒಬ್ಬರು ಅಪೊಸ್ತಲರೆಂದು ಹೇಳಿಕೊಂಡು ಹಳ್ಳಿಗೆ ಬಂದರು. ಈ ಸಭೆಗೆ ಅಪೊಸ್ತಲನ ‘ಕವರಿಂಗ್’, ಅಂದರೆ ಆತ್ಮಿಕ ರಕ್ಷಣೆಯ ಹೊದಿಕೆ, ಇಲ್ಲ, ಅದಕ್ಕೇ ಆಶೀರ್ವಾದ ನಿಂತಿದೆ, ತಿಂಗಳ ಕಾಣಿಕೆಯ ದಶಮಾಂಶ ನಮಗೆ ಕಳುಹಿಸಿದರೆ ಹೊದಿಕೆ ಕೊಡುತ್ತೇವೆ ಎಂದರು. ಹಿರಿಯರು ಚಹಾ ಕೊಟ್ಟರು, ಪೂರ್ತಿ ಕೇಳಿದರು. ಉದ್ರಿ ತೀರಿಸುವ ಆ ಹಿರಿಯ ಕೇಳಿದ್ದು: “ತಮ್ಮನ್ನ ಯಾವ ಸಭಾ ಕಳಿಸ್ಯಾದ್ರಿ? ತಿರುಗಿ ಹೋಗಿ ಯಾರಿಗೆ ಲೆಕ್ಕಾ ಹೇಳ್ತೀರಿ?” ಬಂದವರು ದರ್ಶನದ ಮಾತಾಡಿದರು, ಸಭೆಯ ಹೆಸರು ಹೇಳಲಿಲ್ಲ. ಹಿರಿಯರು ಕೈಮುಗಿದು ಬೀಳ್ಕೊಟ್ಟರು. ಅವರಿಗೆ ‘ದಿದಖೆ’ ಎಂಬ ಪುರಾತನ ಗ್ರಂಥದ ಹೆಸರೂ ಗೊತ್ತಿರಲಿಲ್ಲ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಸಭೆಯ ಆರಂಭಕಾಲದ ಆ ಬರಹ ಹೇಳುತ್ತದೆ: ಬಂದ ಅಪೊಸ್ತಲನನ್ನು ಕರ್ತನಂತೆಯೇ ಸ್ವೀಕರಿಸಿ, ಒಂದು ದಿನ ಇರಲಿ, ಬೇಕಿದ್ದರೆ ಎರಡು, ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ, ಹೊರಡುವಾಗ ಮುಂದಿನ ತಂಗುವಿಕೆಯವರೆಗೆ ರೊಟ್ಟಿ ಕೊಡಿ, ಹಣ ಕೇಳಿದರೆ ಸುಳ್ಳು ಪ್ರವಾದಿ. ಓದಿದ ಮೇಲೆ ಹಿರಿಯರಿಗೆ ಇದನ್ನು ಹೇಳಿದೆ. “ನಮಗಿಂತ ಮೊದಲಿನವರಿಗೂ ಇದೇ ತ್ರಾಸ ಇತ್ತಲ್ರಿ” ಎಂದರು.

ಈಗ ಎದುರಿಗಿರುವುದು ಬೇರೆ ಕೆಲಸ. ರಾಶಿ ಮುಗಿದ ಮೇಲೆ ಆ ಹಳ್ಳಿಯ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ಅಲ್ಲಿ ಕನ್ನಡದ ಪ್ರಾರ್ಥನೆ ಇಲ್ಲ. ಕಳೆದ ಬೇಸಿಗೆಯಲ್ಲಿ ಹಳ್ಳಿಯ ಹಿರಿಯರು ನನ್ನನ್ನು ಕೇಳದೆಯೇ ಒಬ್ಬ ಹಿರಿಯನನ್ನೂ ಅವನ ಹೆಂಡತಿಯನ್ನೂ ಆ ಶೆಡ್ಡುಗಳಿಗೆ ಕಳುಹಿಸಿದರು. ಬಸ್ ಚಾರ್ಜು ಮುಷ್ಟಿ ಜೋಳ ಮಾರಿ ಬಂದ ದುಡ್ಡು, ನೋಟುಪುಸ್ತಕದಲ್ಲಿ ಬರೆದಿದೆ. ದುಡಿಮೆಗೆ ಬಂದ ಚಿಂಚೋಳಿ, ಯಾದಗಿರಿ ಕಡೆಯವರೂ ಅಲ್ಲಿ ಕೂಡತೊಡಗಿದ್ದಾರೆ. ಅವರ ನಡುವೆ ಹಿರಿಯರನ್ನು ನೇಮಿಸುವುದು ಹೇಗೆ, ಮಳೆ ಬಿದ್ದೊಡನೆ ಅರ್ಧ ಜನ ಊರಿಗೆ ತಿರುಗುತ್ತಾರಲ್ಲ, ಎಂದು ಈಗ ಹಳ್ಳಿಯವರೂ ನಾನೂ ಕೂತು ಯೋಚಿಸುತ್ತಿದ್ದೇವೆ. ಸದ್ಯಕ್ಕೆ ಶೆಡ್ಡಿನಲ್ಲಿ ವರ್ಷವಿಡೀ ಉಳಿಯುವ ಮನೆಗಳನ್ನು ಗುರುತಿಸಿ, ಮಾರ್ಕನ ಸುವಾರ್ತೆಯಿಂದ ಶುರುಮಾಡಲು ಹೇಳಿದ್ದೇವೆ.