ಹಳೆಯ ಫೆಂಡರ್ ಚಾಂಪ್ ವಾಲ್ವ್ ಆಂಪ್ಲಿಫಯರ್‌ಗೆ ಮರುಜೀವ

ಮೊದಲ ಬಾರಿಗೆ ವಾಲ್ವ್ (ನಿರ್ವಾತ ನಳಿಕೆ) ಆಂಪ್ಲಿಫಯರ್ ದುರಸ್ತಿಗೆ ಇಳಿಯುವವರಿಗೆ 1950ರ ದಶಕದ ಅಮೆರಿಕನ್ ಫೆಂಡರ್ ಚಾಂಪ್ 5ಎಫ್1 ಎಂಬ ಗಿಟಾರ್ ಆಂಪ್ಲಿಫಯರ್ ಒಳ್ಳೆಯ ಪಾಠಶಾಲೆ. ಅದರಲ್ಲಿರುವುದು 12ಎಎಕ್ಸ್7, 6ವಿ6ಜಿಟಿ ಮತ್ತು 5ವೈ3ಜಿಟಿ ಎಂಬ ಮೂರೇ ವಾಲ್ವ್‌ಗಳು. ಉತ್ಪತ್ತಿ ಸುಮಾರು 5 ವ್ಯಾಟ್.

ಸಿಕ್ಕ ಕೂಡಲೇ ಪ್ಲಗ್ ಹಾಕಿ ನೋಡುವ ಆಸೆಯನ್ನು ತಡೆಯಬೇಕು. ಒಳಗೆ 300 ವೋಲ್ಟ್‌ಗೂ ಮಿಗಿಲಾದ ವಿದ್ಯುತ್ ಇರುತ್ತದೆ ಮತ್ತು ಪ್ಲಗ್ ತೆಗೆದ ಮೇಲೂ ಅದು ಫಿಲ್ಟರ್ ಕೆಪಾಸಿಟರ್‌ಗಳಲ್ಲಿ (ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಭಾಗಗಳು) ಉಳಿದಿರಬಹುದಾದ್ದರಿಂದ, 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಚೆನ್ನಾಗಿ ಹೊದಿಕೆ ಹಾಕಿದ ತಂತಿಗಳನ್ನು ಬೆಸೆದು, ಅದರ ಮೂಲಕ ಪ್ರತಿಯೊಂದನ್ನೂ ಷಾಸಿಗೆ (ಲೋಹದ ಚೌಕಟ್ಟು) ಬರಿದುಮಾಡಿ, ಮಲ್ಟಿಮೀಟರ್‌ನಲ್ಲಿ ಸೊನ್ನೆ ಕಂಡ ನಂತರವೇ ಕೈ ಹಾಕಬೇಕು.

ಎರಡು ತಂತಿಯ ಹಳೆಯ ಕೇಬಲ್ಲನ್ನು ತೆಗೆದು ಮೂರು ತಂತಿಯದನ್ನು ಹಾಕಿ, ಅರ್ಥ್ ತಂತಿಯನ್ನು ಷಾಸಿಗೆ ಬೋಲ್ಟ್‌ನಿಂದ ಬಿಗಿಯಿರಿ. ಒಣಗಿಹೋದ 16, 8, 8 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಫಿಲ್ಟರ್ ಕೆಪಾಸಿಟರ್‌ಗಳನ್ನು ಧ್ರುವ ತಪ್ಪದಂತೆ ಬದಲಿಸಿ. ಉಳಿದ ಭಾಗಗಳನ್ನೆಲ್ಲ ಕಿತ್ತೆಸೆಯುವ ಉತ್ಸಾಹ ನನಗೆ ಒಪ್ಪಿಗೆಯಿಲ್ಲ. ಅಳೆದು, ಕೆಟ್ಟದ್ದನ್ನು ಮಾತ್ರ ತೆಗೆಯುವುದು ಲೇಸು.

ಮೊದಲ ಸಲ ವಿದ್ಯುತ್ ಕೊಡುವಾಗ 40 ವ್ಯಾಟ್‌ನ ತಂತುಬಲ್ಬನ್ನು ಮುಖ್ಯ ವಿದ್ಯುತ್ ತಂತಿಯೊಂದಿಗೆ ಸರಣಿಯಲ್ಲಿ ಜೋಡಿಸಿ. ಅದು ಪೂರ್ಣ ಪ್ರಕಾಶದಲ್ಲೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ. ಸ್ಪೀಕರ್ ಇಲ್ಲದೆ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ನಂತರ ಬಲ್ಬನ್ನು ತೆಗೆದು, 6ವಿ6ರ 470 ಓಮ್ ಕ್ಯಾಥೋಡ್ ರೆಸಿಸ್ಟರ್ ಮೇಲಿನ ವೋಲ್ಟೇಜನ್ನು ಅಳೆಯಿರಿ: 19 ವೋಲ್ಟ್ ಇದ್ದರೆ ಕರೆಂಟ್ ಸುಮಾರು 40 ಮಿಲಿಆಂಪಿಯರ್. ಅದೇ ವಾಲ್ವ್‌ನ 5ನೇ ಪಿನ್‌ನಲ್ಲಿ (ಸಂಕೇತ ಒಳಬರುವ ಗ್ರಿಡ್) ಧನ ವೋಲ್ಟೇಜ್ ಕಂಡರೆ ಹೆಚ್ಚಿನ ಮಟ್ಟಿಗೆ ಹಿಂದಿನ ಹಂತದಿಂದ ಸಂಕೇತವನ್ನಷ್ಟೇ ದಾಟಿಸಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ ಎಂದರ್ಥ, ಅದನ್ನೂ ಬದಲಿಸಿ.