ಅರ್ಕಾಡಿಯಾದ ಘಾಟಿಗಳಲ್ಲಿ ಎರಡು ದಿನ

ಅಥೆನ್ಸ್‌ನಲ್ಲಿ ಕಚೇರಿಯ ಕೆಲಸ ಶುಕ್ರವಾರ ಮುಗಿದಿತ್ತು, ವಾಪಸ್ ವಿಮಾನ ಸೋಮವಾರಕ್ಕೆ. ಶಿವಮೊಗ್ಗದ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿ ಈಗ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾಳೆ. ಬಾ ಎಂದೆ, ಬಂದಳು. "ದ್ವೀಪ ಗೀಪ ಬೇಡ ಮಾರಾಯ್ತಿ, ನಿಂಗೆ ಘಾಟಿ ರಸ್ತೆ ರೂಢಿ ಇದ್ಯಲ್ಲ, ಬೆಟ್ಟದ ಕಡೆ ಹೋಗಣ" ಅಂದಳು. ಗ್ರೀಸಿನ ದಕ್ಷಿಣದ ಪರ್ಯಾಯದ್ವೀಪ ಪೆಲೊಪೊನೀಸ್‌ನ ನಡುವಿನ ಅರ್ಕಾಡಿಯಾ ಆರಿಸಿಕೊಂಡದ್ದು ಹಾಗೆ. ದಿಮಿತ್ಸಾನಾ ಎಂಬ ಬೆಟ್ಟದೂರಿನಲ್ಲಿ ಒಂದು ರಾತ್ರಿ. ಅಥೆನ್ಸ್‌ನಿಂದ ಸುಮಾರು 200 ಕಿ.ಮೀ.

ಮೊದಲು ಕಾಗದಪತ್ರದ ಮಾತು. ನಮ್ಮ ಲೈಸೆನ್ಸ್ ಒಂದೇ ಅಲ್ಲಿ ಸಾಲದು, ಜೊತೆಗೆ ಅಂತರರಾಷ್ಟ್ರೀಯ ಪರವಾನಗಿ ಬೇಕು. ಹೊರಡುವ ಮೊದಲೇ ಸಾಗರದ ಆರ್‌ಟಿಒದಲ್ಲಿ ಮಾಡಿಸಿಕೊಂಡಿದ್ದೆ, ಒಂದು ವರ್ಷ ನಡೆಯುತ್ತದೆ. ಕಾರು ಕೊಡುವವರು ಠೇವಣಿಗೆ ನನ್ನದೇ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳಿದರು, ಡೆಬಿಟ್ ಕಾರ್ಡ್ ಒಪ್ಪಲಿಲ್ಲ. ವಿಮೆಯ ಕಾಗದವನ್ನು ಅಲ್ಲೇ ನಿಂತು ಓದಿದೆವು. ಟೈರಿಗೂ ಕಾರಿನ ಅಡಿಭಾಗಕ್ಕೂ ರಕ್ಷಣೆ ಇರಲಿಲ್ಲ. ಆ ಒಂದು ಸಾಲು ಮರುದಿನ ನಮ್ಮನ್ನು ಕಾಪಾಡಿತು.

ರಸ್ತೆಯ ಬಲಬದಿ ಓಡಿಸುವುದಕ್ಕೆ ನಾನು ಇಟ್ಟುಕೊಂಡ ಸೂತ್ರ ಒಂದೇ: ರಸ್ತೆಯ ನಡುಗೆರೆ ಯಾವಾಗಲೂ ಚಾಲಕರು ಕೂತ ಪಕ್ಕಕ್ಕೇ ಇರಬೇಕು. ನಮ್ಮಲ್ಲೂ ಹಾಗೇ, ಅಲ್ಲೂ ಹಾಗೇ. ಇಷ್ಟು ನೆನಪಿದ್ದರೆ ಊರೊಳಗಿನ ತಿರುವಿನಲ್ಲೂ ಗಲಿಬಿಲಿ ಆಗುವುದಿಲ್ಲ. ಕಷ್ಟ ಬೇರೆ ಕಡೆ ಇತ್ತು. ಎಡಕ್ಕೆ ಕೂತಿದ್ದರಿಂದ ಕಾರು ನನಗೆ ಗೊತ್ತಿಲ್ಲದೆ ಬಲಗಡೆಯ ಅಂಚಿಗೆ ಜಾರುತ್ತಿತ್ತು. ಮೊದಲ ಒಂದು ಗಂಟೆ ಗೆಳತಿಯ ಕೆಲಸ "ಅಂಚು, ಅಂಚು" ಅನ್ನುವುದೇ ಆಗಿತ್ತು. ಎದುರಿನವರು ಲೈಟು ಮಿಣುಕಿಸಿದರೆ ದಾರಿ ಬಿಡುತ್ತಿದ್ದಾರೆ ಎಂದು ಅವಳಿಗೆ ಡಚ್ಚರ ನಾಡಿನ ಅಭ್ಯಾಸ. ಗ್ರೀಸಿನಲ್ಲಿ ಅದರರ್ಥ ನಮ್ಮೂರಿನ ಹಾಗೆ, "ನಾನು ಬರ್ತಿದೀನಿ, ನೀನು ನಿಲ್ಲು."

ಕೊರಿಂಥ್ ಕಾಲುವೆಯ ಹತ್ತಿರ ಇಪ್ಪತ್ತು ನಿಮಿಷ ನಿಂತೆವು. 1893ರಲ್ಲಿ ತೆರೆದ, ಆರು ಕಿ.ಮೀ. ದಾಟಿದ ಉದ್ದದ ಸೀಳು. ಎರಡೂ ತುದಿಯಲ್ಲಿರುವ ಸೇತುವೆಗಳು ಹಡಗು ಬಂದರೆ ಮೇಲೇಳುವುದಿಲ್ಲ, ನೀರಿನೊಳಗೆ ಮುಳುಗಿ ದಾರಿ ಕೊಡುತ್ತವೆ. ಆಮೇಲೆ ಅರ್ಕಾಡಿಯಾದ ಮುಖ್ಯ ಪಟ್ಟಣ ತ್ರಿಪೊಲಿವರೆಗೆ ಟೋಲ್ ಹೆದ್ದಾರಿ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ತ್ರಿಪೊಲಿಯಲ್ಲಿ ಟ್ಯಾಂಕ್ ತುಂಬಿಸಿಕೊಂಡೆವು, ಭಾನುವಾರ ಹಳ್ಳಿಯ ಬಂಕುಗಳನ್ನು ನಂಬುವಂತಿಲ್ಲ. ಅಲ್ಲಿ ಪೆಟ್ರೋಲಿಗೆ 'ವೆಂಜೀನಿ' ಅನ್ನುತ್ತಾರೆ.

ಘಾಟಿ ಶುರುವಾದದ್ದು ಅಲ್ಲಿಂದ ಮುಂದೆ. ಮೈನಾಲೊ ಬೆಟ್ಟದ ಮೈತುಂಬ ಫರ್ ಮರ, ರಸ್ತೆಯಂಚಿನ ಕಲ್ಲುಸಂದಿಯಲ್ಲಿ ಅಕ್ಟೋಬರಿನ ಗುಲಾಬಿ ಬಣ್ಣದ ಸೈಕ್ಲಮೆನ್ ಹೂ. ತಿರುವುಗಳಲ್ಲಿ ಕಂಬದ ಮೇಲೆ ಕೂರಿಸಿದ ಪುಟ್ಟ ತಗಡಿನ ಚರ್ಚುಗಳು. 'ಕಂದಿಲಾಕಿಯಾ' ಎಂದು ಕರೆಯುತ್ತಾರೆ. ಕೆಲವು ಆ ಜಾಗದಲ್ಲಿ ಸತ್ತವರ ನೆನಪಿಗೆ, ಕೆಲವು ಬದುಕಿ ಉಳಿದವರ ಹರಕೆಗೆ. ಒಂದರ ಮುಂದೆ ಕಾರು ನಿಲ್ಲಿಸಿದೆ. ಗಾಜಿನ ಬಾಗಿಲ ಹಿಂದೆ ಸಂತರ ಚಿತ್ರ, ಉರಿಯುವ ಬತ್ತಿ, ಪಕ್ಕದಲ್ಲಿ ನೀರಿನ ಹಳೇ ಬಾಟಲಿಯಲ್ಲಿ ತುಂಬಿಟ್ಟ ಎಣ್ಣೆ. ಸುತ್ತ ಎಲ್ಲೂ ಮನೆಯಿಲ್ಲ. ಯಾರೋ ಅಷ್ಟು ದೂರ ಬಂದು ಎಣ್ಣೆ ಹಾಕಿ ಹೋಗುತ್ತಾರೆ. ಹುಲಿಕಲ್ ಘಾಟಿಯಲ್ಲಿ ಚಂಡಿಕಾಂಬೆಗೆ ಕೈಮುಗಿಯದೆ ಅಪ್ಪ ಎಂದೂ ಮುಂದೆ ಹೋದವರಲ್ಲ. ನಾನೂ ಕೈಮುಗಿದು ಗಾಡಿ ಹತ್ತಿದೆ. ಆಮೇಲೆ ಪ್ರತಿ ತಿರುವಿಗೂ ವೇಗ ತಾನಾಗಿ ಇಳಿಯಿತು.

ವಿತಿನಾ ಎಂಬ ಊರಿನಲ್ಲಿ ಜೇನಿನ ಅಂಗಡಿಗಳು. ಫರ್ ಮರದ ಈ ಜೇನಿಗೆ 'ವನಿಲ್ಯಾ' ಎಂದು ಹೆಸರು. ಇದು ಹೂವಿನ ಮಕರಂದದ್ದಲ್ಲ. ಮರದ ರಸ ಹೀರುವ ಸಣ್ಣ ಕೀಟಗಳು ಬಿಡುವ ಸಿಹಿಯನ್ನು ಜೇನುಹುಳ ಕೂಡಿಡುವುದು. ಚಮಚ ಎತ್ತಿದರೆ ಹರಿಯುವುದಿಲ್ಲ, ಎಳೆಯಾಗಿ ನಿಲ್ಲುತ್ತದೆ. ಮೂರು ಬಾಟಲಿ ಕೊಂಡೆವು.

ಊಟ ಹೇಗೋ ಎಂಬ ಚಿಂತೆ ಇಬ್ಬರಿಗೂ ಇತ್ತು. ಸಸ್ಯಾಹಾರಿಗಳಿಗೆ ಅಲ್ಲಿ ಕೀಲಿಮಾತು 'ನಿಸ್ತಿಸಿಮೊ'. ಅಂದರೆ ಅವರ ಉಪವಾಸದ ದಿನಗಳ ಅಡುಗೆ: ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಸೀಗಡಿ, ಸ್ಕ್ವಿಡ್ ಮಾತ್ರ ಉಪವಾಸಕ್ಕೆ ನಡೆಯುತ್ತವೆ, ಅದನ್ನು ಬೇರೆ ಕೇಳಿಕೊಳ್ಳಬೇಕು. ದಿಮಿತ್ಸಾನಾದ ಹೋಟೆಲಿನಲ್ಲಿ ಬಂದದ್ದು 'ಹೋರ್ತಾ', ಬೇಯಿಸಿದ ಕಾಡುಸೊಪ್ಪಿಗೆ ಆಲಿವ್ ಎಣ್ಣೆ, ನಿಂಬೆರಸ. ಜೊತೆಗೆ ಟೊಮೆಟೊದಲ್ಲಿ ಬೆಂದ ದಪ್ಪ ಬಿಳಿ ಅವರೆಯಂಥ ಕಾಳು, ರೊಟ್ಟಿ. ಕಾಳಿನಲ್ಲಿ ಮಾಂಸ ಇದೆಯಾ ಎಂದಾಗ ಅಡುಗೆಯ ಅಜ್ಜಿ ಗದ್ದ ಮೇಲೆತ್ತಿ "ತ್ಚ್" ಎಂದರು. ಸಿಟ್ಟು ಬಂತೇನೋ ಎಂದು ಗೆಳತಿ ಹೆದರಿದಳು. ನನಗೆ ಅರ್ಥವಾಯಿತು. ನನ್ನಜ್ಜಿ 'ಇಲ್ಲ' ಅನ್ನುವುದೂ ಹಾಗೇ. 'ನೇ' ಎಂದರೆ ಮಾತ್ರ ಅಲ್ಲಿ ಹೌದು ಎಂದರ್ಥ, ಅದು ಕಿವಿಗೆ ಒಗ್ಗಲು ಎರಡು ದಿನವೂ ಸಾಲಲಿಲ್ಲ.

ಭಾನುವಾರ ಬೆಳಿಗ್ಗೆ ಊರ ಕೆಳಗಿನ ಜಲಶಕ್ತಿ ಸಂಗ್ರಹಾಲಯ. ಅರ್ಧ ಗಂಟೆ ಅಂದುಕೊಂಡದ್ದು, ಎರಡು ಗಂಟೆ ಕೂತೆವು. ಬೆಟ್ಟದಿಂದ ಇಳಿಯುವ ಅದೇ ಒಂದು ನೀರು ಕಂಬಳಿ ತೊಳೆಯುವ ಮರದ ತೊಟ್ಟಿಗೆ ಧುಮುಕಿ, ಹಿಟ್ಟಿನ ಬೀಸುಕಲ್ಲು ತಿರುಗಿಸಿ, ಕೊನೆಗೆ ಕೋವಿಮದ್ದಿನ ಗಿರಣಿಗೆ ಬರುತ್ತದೆ. ನೀರಿನ ಚಕ್ರ ತಿರುಗಿದ ಹಾಗೆ ಸಾಲಾಗಿ ಮರದ ಒನಕೆಗಳು ಎದ್ದು ಒರಳಿಗೆ ಬೀಳುತ್ತವೆ. ನಮ್ಮ ಅವಲಕ್ಕಿ ಕುಟ್ಟುವ ಸದ್ದೇ. ಇಲ್ಲಿ ಕುಟ್ಟುತ್ತಿದ್ದದ್ದು ಪೆಟ್ಲುಪ್ಪು, ಗಂಧಕ, ಇದ್ದಿಲು. 1821ರಲ್ಲಿ ಗ್ರೀಕರು ಓಟೋಮನ್ನರ ವಿರುದ್ಧ ಎದ್ದಾಗ ಇಂಥ 14 ಗಿರಣಿಗಳು ಈ ಊರಲ್ಲಿ ಮದ್ದು ಅರೆದವಂತೆ. ಮದ್ದು ಸುತ್ತಲು ಕಾಗದ ಬೇಕಲ್ಲ? 1764ರಲ್ಲಿ ಶುರುವಾದ ಇಲ್ಲಿನ ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನೇ ಹರಿದು ತೋಟಾ ಸುತ್ತಿದರು. ಅದನ್ನು ಕೇಳಿದ ಮೇಲೆ ಗೆಳತಿ ತುಂಬ ಹೊತ್ತು ಮಾತಾಡಲಿಲ್ಲ. ಅವಳ ಕೆಲಸ ಗ್ರಂಥಾಲಯದಲ್ಲಿ.

ಅಲ್ಲಿಂದ ಲೂಸಿಯೊಸ್ ಕಣಿವೆಯ ಪ್ರೊದ್ರೊಮೊಸ್ ಮಠ. ಕಾರು ಮೇಲೆ ಬಿಟ್ಟು ನಡೆದು ಇಳಿದೆವು. ಬಂಡೆಗೆ ಜೇನುಗೂಡು ಅಂಟಿದ ಹಾಗೆ ಕಟ್ಟಡ. ಪ್ಯಾಂಟಿನಲ್ಲಿದ್ದ ನಮಗೆ ಬಾಗಿಲಲ್ಲಿ ಸುತ್ತಿಕೊಳ್ಳುವ ಲಂಗ ಕೊಟ್ಟರು, ಒಳಗೆ ನೀರು ಮತ್ತು ಲುಕೂಮಿ ಎಂಬ ಮೆತ್ತನೆಯ ಮಿಠಾಯಿ.

ಕರೀತೆನಾ ಎಂಬ ಕೋಟೆಯೂರಿನ ಕಡೆ ಹೊರಟಾಗ ಫೋನಿನ ನಕ್ಷೆ ಹತ್ತಿರದ ದಾರಿ ಎಂದು ಒಂದು ಮಣ್ಣುರಸ್ತೆಗೆ ಇಳಿಸಿತು. ನೂರು ಮೀಟರಿಗೇ ಕಲ್ಲು ಎದ್ದಿತ್ತು. ಊರಲ್ಲಾಗಿದ್ದರೆ ಜೀಪಿನಲ್ಲಿ ಹೋಗಿಬಿಡುತ್ತಿದ್ದೆ. ವಿಮೆಯ ಆ ಸಾಲು ನೆನಪಾಗಿ, ಗೆಳತಿ ಇಳಿದು ಹಿಂದೆ ನಿಂತು ದಾರಿ ತೋರಿಸಿ, ರಿವರ್ಸ್‌ನಲ್ಲೇ ಡಾಂಬರಿಗೆ ಬಂದೆವು. ಅರ್ಧ ಗಂಟೆ ಹೋಯಿತು. ಕರೀತೆನಾದ ಕೋಟೆ ಹತ್ತಲು ಹೊತ್ತು ಉಳಿಯಲಿಲ್ಲ. ಹಳೆಯ 5000 ದ್ರಾಕ್ಮಾ ನೋಟಿನ ಹಿಂಬದಿಯಲ್ಲಿದ್ದ ಕೋಟೆ ಅದು. ಕೆಳಗೆ ಆಲ್ಫಿಯೊಸ್ ನದಿಯ ಕಲ್ಲುಸೇತುವೆಯ ಕಂಬಕ್ಕೇ ಒರಗಿಸಿ ಕಟ್ಟಿದ ಪುಟಾಣಿ ಗುಡಿ ನೋಡಿ, ಮೆಗಲೊಪೊಲಿಯಲ್ಲಿ ಹೆದ್ದಾರಿ ಹಿಡಿದೆವು. ಬೆಟ್ಟದ ರಸ್ತೆಯನ್ನು ಕತ್ತಲಾಗುವ ಮೊದಲು ಬಿಡಬೇಕು ಎಂದು ಶನಿವಾರವೇ ಮಾತಾಗಿತ್ತು.

ಗೆಳತಿಯದು ಕೈಚೀಲದ ಟಿಕೆಟ್ಟು, ಜೇನು ಅದರಲ್ಲಿ ನಡೆಯುವುದಿಲ್ಲ. ಮೂರೂ ಬಾಟಲಿ ನನ್ನ ಜೊತೆ ಸಾಗರಕ್ಕೆ ಬಂದವು. ಅಮ್ಮ ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟು, "ಇದು ಹೂವಿಂದಲ್ಲ, ಮರದ ವಾಸನೆ ಇದೆ" ಅಂದರು. ನಾನಿನ್ನೂ ಏನೂ ಹೇಳಿರಲಿಲ್ಲ. ಒಂದು ಬಾಟಲಿ ಗೆಳತಿಗೆಂದು ಹಾಗೇ ಇಟ್ಟಿದ್ದೇನೆ, ಡಿಸೆಂಬರಿಗೆ ಊರಿಗೆ ಬರುತ್ತಾಳೆ.