ಬೇಸ್‌ಬಾಲ್ ಅಂಪೈರಿಂಗ್: ನಾನು ಎಲ್ಲಿ ನಿಲ್ಲುತ್ತೇನೆ, ಯಾಕೆ

ವಾರಾಂತ್ಯಗಳಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹೈಸ್ಕೂಲ್ ವಯಸ್ಸಿನ ಹುಡುಗರ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರಿಂಗ್ ಮಾಡುತ್ತೇನೆ. ಅಂಪೈರ್‌ಗಳು ಇಬ್ಬರೇ. ಒಬ್ಬರು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ನಿಂತರೆ, ಓಟಗಾರರು ಒಂದೊಂದಾಗಿ ಮುಟ್ಟಬೇಕಾದ ಬೇಸ್‌ಗಳ ತೀರ್ಪು ಹೆಚ್ಚಾಗಿ ನನ್ನ ಪಾಲಿಗೆ. ಕ್ರಿಕೆಟ್‌ನಲ್ಲಿ ರನ್‌ಔಟ್ ನೋಡಲು ಸ್ಕ್ವೇರ್ ಲೆಗ್ ಅಂಪೈರ್ ಕ್ರೀಸ್ ಗೆರೆಯ ನೇರಕ್ಕೆ ನಿಲ್ಲುತ್ತಾರಲ್ಲ, ಇಲ್ಲಿಯೂ ಕೋನವೇ ಮುಖ್ಯ. ಆದರೆ ಆ ಕೋನ ಚೆಂಡು ಎಲ್ಲಿಂದ ಬರುತ್ತದೆ ಎನ್ನುವುದರ ಮೇಲೆ ಬದಲಾಗುತ್ತಿರುತ್ತದೆ.

ಬೇಸ್‌ಗಳಲ್ಲಿ ಓಟಗಾರರಿಲ್ಲದಾಗ ಫಸ್ಟ್ ಬೇಸ್ ಕಾಯುವ ಫಸ್ಟ್ ಬೇಸ್‌ಮನ್ ಹಿಂದೆ, ಅಂಗಳದ ಅಂಚಿನ ಫೌಲ್ ಗೆರೆಯ ಹೊರಗೆ ನಿಲ್ಲುತ್ತೇನೆ. ಚೆಂಡು ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆ ಉರುಳಿದರೆ ಗೆರೆ ದಾಟಿ ಒಳಗೆ ಬಂದು, ಎಸೆತದ ದಾರಿಗೆ 90 ಡಿಗ್ರಿಯಲ್ಲಿ, ಬೇಸ್‌ನಿಂದ ಸುಮಾರು 15–18 ಅಡಿ ದೂರದಲ್ಲಿ ನಿಂತುಬಿಡುತ್ತೇನೆ. ಸೆಕೆಂಡ್ ಬೇಸ್‌ಮನ್ ಎಸೆಯುವುದಾದರೆ ಒಳಗೆ ಹೋಗುವುದಿಲ್ಲ. ಹೋದರೆ ಎಸೆತಕ್ಕೇ ಅಡ್ಡವಾಗಬಹುದು.

ಇಷ್ಟು ದೂರ ಯಾಕೆ? ಓಟಗಾರನನ್ನು ಮುಟ್ಟದೆ, ಚೆಂಡು ಹಿಡಿದು ಬೇಸ್ ತುಳಿದರೇ ಔಟ್ ಆಗುವ ಫೋರ್ಸ್ ಪ್ಲೇಯಲ್ಲಿ ಕಣ್ಣು ಬೇಸ್ ಮೇಲೆ, ಕಿವಿ ಗ್ಲೌವ್ ಕಡೆ. ಓಟಗಾರನ ಕಾಲು ಬೇಸ್ ತುಳಿದದ್ದು ಮೊದಲೋ, ಚೆಂಡು ಗ್ಲೌವ್ ಸೇರಿದ ಸದ್ದು ಮೊದಲೋ, ಅಷ್ಟೇ ತೀರ್ಪು. ತೀರಾ ಹತ್ತಿರ ನಿಂತರೆ ಪಾದ, ಗ್ಲೌವ್ ಎರಡೂ ಒಂದೇ ನೋಟಕ್ಕೆ ಸಿಗುವುದಿಲ್ಲ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ 1985ರ ಆರನೇ ಪಂದ್ಯದಲ್ಲಿ ಅಂಪೈರ್ ಡಾನ್ ಡೆಂಕಿಂಜರ್ ಫಸ್ಟ್ ಬೇಸ್‌ನಲ್ಲಿ ಓಟಗಾರ ಹೋರ್ಹೆ ಓರ್ಟಾಗೆ ‘ಸೇಫ್’ ಕೊಟ್ಟರು. ರೀಪ್ಲೇಯಲ್ಲಿ ಔಟ್ ಎಂದು ಕಂಡಿತು. ಎಸೆತ ಎತ್ತರಕ್ಕೆ ಬಂದಿತ್ತು, ಜನರ ಗದ್ದಲದಲ್ಲಿ ಗ್ಲೌವ್ ಸದ್ದು ಕೇಳಲಿಲ್ಲ ಎಂದು ಅವರೇ ಆಮೇಲೆ ಹೇಳಿದರು. ಅಂಥ ಅನುಭವಿಗೇ ಹೀಗಾಗುವಾಗ ನಮ್ಮಂಥವರು ನಿಲ್ಲುವ ಜಾಗದ ಬಗ್ಗೆ ಎಷ್ಟು ಯೋಚಿಸಿದರೂ ಕಡಿಮೆಯೇ. ಎಸೆತ ಅತ್ತಿತ್ತ ಹೋದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಫಸ್ಟ್ ಬೇಸ್‌ಮನ್ ಕಾಲು ಬೇಸ್ ಬಿಟ್ಟಿತೇ ಎಂದು ನೋಡುತ್ತೇನೆ.

ಓಟಗಾರ ಸೆಕೆಂಡ್ ಬೇಸ್ ಕದಿಯುವಾಗ, ಅಂದರೆ ಚೆಂಡು ಹೊಡೆಯುವುದಕ್ಕೆ ಕಾಯದೆ ಅತ್ತ ಓಡುವಾಗ, ಲೆಕ್ಕವೇ ಬೇರೆ. ಚೆಂಡಿರುವ ಗ್ಲೌವ್‌ನಿಂದ ಓಟಗಾರನನ್ನು ಮುಟ್ಟಿ ಔಟ್ ಮಾಡುವ ಟ್ಯಾಗ್ ಪ್ಲೇಗೆ ಸದ್ದು ಉಪಯೋಗವಿಲ್ಲ. ಗ್ಲೌವ್‌ಗೂ ಓಟಗಾರನ ಕಾಲಿಗೂ ನಡುವಿನ ಸಂದು ಕಾಣಬೇಕು. ಹಾಗಾಗಿ, ಫಸ್ಟ್ ಬೇಸ್‌ನಲ್ಲಿ ಓಟಗಾರನಿದ್ದಾಗ ನಾನು ನಿಲ್ಲುವ ಜಾಗವಾದ ಪಿಚರ್ (ಚೆಂಡೆಸೆಯುವವ) ದಿಬ್ಬದ ಹಿಂದಿನಿಂದ ಬೇಸ್ ಕಡೆ ಒಂದೆರಡು ಹೆಜ್ಜೆ ಇಟ್ಟು, ಚೆಂಡಿನ ಜೊತೆಗೇ ತಿರುಗಿ ಇನ್ನೂ ಹತ್ತಿರ ನಿಲ್ಲುತ್ತೇನೆ. ಆಟಗಾರನ ಬೆನ್ನು ಅಡ್ಡ ಬಂದರೆ ಹತ್ತಿರವಿದ್ದೂ ಪ್ರಯೋಜನವಿಲ್ಲ. ಆಗ ಎರಡಡಿ ಹಿಂದಾದರೂ ಪರವಾಗಿಲ್ಲ, ಸಂದು ಕಾಣುವ ಕಡೆಗೇ ಸರಿಯುತ್ತೇನೆ.

ಎರಡೂ ಕಡೆ ಒಂದು ನಿಯಮ ಪಾಲಿಸುತ್ತೇನೆ: ಆ ಕ್ಷಣಕ್ಕೆ ನನ್ನ ಕಾಲು ಓಡುತ್ತಿರಬಾರದು. ಓಡುವಾಗ ತಲೆ ಅಲುಗುತ್ತದೆ, ನೋಟವೂ ಅಲುಗುತ್ತದೆ. ಇನ್ನೆರಡು ಹೆಜ್ಜೆ ಬಾಕಿಯಿದ್ದರೂ ನಿಲ್ಲುತ್ತೇನೆ. ಟ್ಯಾಗ್ ಆದ ಮೇಲೂ ಚೆಂಡು ಗ್ಲೌವ್‌ನಲ್ಲೇ ಇದೆ ಎಂದು ಕಂಡ ನಂತರವೇ ಔಟ್ ಕೊಡುವುದು.